ಮಸ್ತಾನ್ ಸಾಬರ ಪತಂಗ

ಮಸ್ತಾನ್ ಸಾಬರ ಅಂಗಾಲುಗಳು ಸದಾ ನೀಲಿ. ನಾಟಕದ ಪರದೆಯನ್ನು ನೆಲಕ್ಕೆ ಹಾಸಿ, ಬಿದಿರುಕೋಲಿಗೆ ಕುಂಚ ಕಟ್ಟಿಕೊಂಡು, ಬರಿಗಾಲಲ್ಲಿ ಅದರ ಮೇಲೆಯೇ ಓಡಾಡುತ್ತ ಆಕಾಶ ಬಳಿಯುತ್ತಿದ್ದರು. ಐವತ್ತರ ದಶಕದಲ್ಲಿ ಮಾಗಡಿ ರಸ್ತೆಯ ಬಯಲಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಗೆ ಅವರು ಪರದೆ ಬರೆಯುವವರು. ಶಾಲೆಯಲ್ಲಿ ಮೇಷ್ಟರಾಗಿದ್ದ ನಾನು ಆ ಕಂಪನಿಗೆ ಹಾಡು ಬರೆದುಕೊಡುತ್ತಿದ್ದೆ. ಸಾಬರಿಗೆ ನನ್ನ ಹಾಡುಗಳೆಂದರೆ ಅಷ್ಟಕ್ಕಷ್ಟೆ. "ನಿಮ್ಮ ಹಾಡಲ್ಲಿ ಎಲ್ಲಾ ಐತೆ ಮೇಷ್ಟ್ರೇ, ಕಣ್ಣಿಗೆ ಕಾಣೋದು ಒಂದೂ ಇಲ್ಲ" ಎನ್ನುತ್ತಿದ್ದರು. ಮಾತು ನಿಜವಾದ್ದರಿಂದ ನನಗೆ ಸಿಟ್ಟು ಬರುತ್ತಿತ್ತು.

ಸಿನಿಮಾ ಟೆಂಟುಗಳು ಎದ್ದು ಕಂಪನಿ ಸೊರಗತೊಡಗಿತ್ತು. ಹೊಸ ನಾಟಕದ ಮದುವೆ ದೃಶ್ಯಕ್ಕೆ ಬರೆಯುವ ಪರದೆ ಜನಕ್ಕೆ ಹಿಡಿಸಿದರೆ ಮಾತ್ರ ಸಾಬರಿಗೆ ಕೆಲಸ, ಇಲ್ಲವಾದರೆ ಇಲ್ಲ ಎಂದು ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು. ಚಿಕ್ಕಂದಿನಿಂದ ಕೇಳಿದ ಉರ್ದು ಶಾಯರಿಗಳ ದೀಪ-ಪತಂಗವನ್ನೇ ಬರೆಯಲೇ ಎಂದು ಸಾಬರು ನನ್ನನ್ನು ಕೇಳಿದರು. ಅವರ ಶಾಯರಿಯಲ್ಲಿ ಪತಂಗ ಪ್ರೇಮಿ. ಉರಿಯಲ್ಲಿ ಒಂದಾಗುವುದೇ ಅದರ ಮದುವೆ. ನಮ್ಮ ಪದ್ಯಗಳಲ್ಲಿ ಅದೇ ಪತಂಗ ಆಸೆಗೆ ಬಿದ್ದು ಸಾಯುವ ದಡ್ಡ. ನನಗದು ಗೊತ್ತಿತ್ತು. ಆದರೂ ಅವರ ಉತ್ಸಾಹಕ್ಕೆ ಸೋತು, ನಮ್ಮಲ್ಲೂ ಪತಂಗ ಇದೆ, ಬರೆಯಿರಿ ಎಂದುಬಿಟ್ಟೆ. ನನ್ನ ಹಾಡನ್ನೂ ಅದಕ್ಕೇ ಹೊಂದಿಸಿದೆ.

ಎಂಥ ಪರದೆ ಅದು. ಆಳೆತ್ತರದ ದೀಪ, ಅದರ ಉರಿ ತಾಗಿ ಅರ್ಧ ಬಂಗಾರವಾಗಿದ್ದ ಪತಂಗದ ರೆಕ್ಕೆ. ಮೊದಲ ಆಟದಲ್ಲಿ ಧಾರೆ ಎರೆಯುವ ಹೊತ್ತಿಗೆ ಅದು ಇಳಿಯಿತು. ಅಪಶಕುನವೆಂದು ಮುಂದಿನ ಸಾಲಿನ ಹೆಂಗಸರು ಎದ್ದು ಹೊರಟರು.

ಮರುದಿನ ಬೆಳಿಗ್ಗೆ ಯಜಮಾನರು ನಮ್ಮಿಬ್ಬರನ್ನೂ ಕರೆಸಿದರು. "ಮದುವೆ ಮಂಟಪದಲ್ಲಿ ಹುಳ ಸಾಯೋದು ತೋರಿಸ್ತಾರೇನ್ರೀ? ಯಾರು ಹೇಳ್ಕೊಟ್ಟಿದ್ದು ಇದನ್ನ?"

ನಾನು ನೆಲ ನೋಡಿದೆ. ಸಾಬರು ಒಮ್ಮೆ ನನ್ನ ಕಡೆ ನೋಡಿ, ತಪ್ಪು ತಮ್ಮದೇ ಎಂದರು. ಪರದೆಗೆ ಬಿಳಿ ಬಳಿದು ಹೋಗಿ ಎಂದು ಅಪ್ಪಣೆಯಾಯಿತು. ತಮ್ಮ ಕೈಯಾರೆ ಬಳಿದು ಹೋದರು. ನನ್ನ ಹೇಡಿತನಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡು ವರ್ಷಗಳ ಮೇಲೆ ರಾಜಾಜಿನಗರದಲ್ಲಿ ಹೊಸ ಮನೆಗಳ ಗೇಟಿಗೆ ನಂಬರು ಬರೆಯುತ್ತ ಸಿಕ್ಕರು. ಪತಂಗದ ಅರ್ಥ ನಮ್ಮಲ್ಲಿ ಬೇರೆ ಎಂದು ನನಗೆ ಮೊದಲೇ ತಿಳಿದಿತ್ತೆಂದು ಹೇಳಿಕೊಂಡೆ.

"ಅವತ್ತೇ ಗೊತ್ತಾಯ್ತು ಮೇಷ್ಟ್ರೇ. ನೀವು ಬಾಯಿ ಬಿಡ್ತೀರಿ ಅಂತ ಕಾದೆ."

ನನಗಾಗಿ ಕಾಗದದ ಮೇಲಾದರೂ ಆ ದೀಪ-ಪತಂಗವನ್ನು ಇನ್ನೊಮ್ಮೆ ಬರೆದುಕೊಡಿ ಎಂದು ಬೇಡಿದೆ. ಅವರು ಗೇಟಿನ ಕಡೆ ತಿರುಗಿದರು.

"ಆಗಲ್ಲ. ಈಗ ನಂಗೂ ಅದು ಬರೀ ಹುಳ ಅಂತಾನೇ ಕಾಣುತ್ತೆ."