ಗೋಡೆಯಾಚೆಯಿಂದ ಹೇಳಿದ ಹೆಸರು

ಜೆರಾಕ್ಸ್ ಅಂಗಡಿಯಿಂದ ಆಗಷ್ಟೇ ಬಂದ ಮತದಾರರ ಪಟ್ಟಿಯ ಬಿಸಿ ವಾಸನೆ ನನಗೆ ಭಯದ ವಾಸನೆ. ಶಾಲೆಯಲ್ಲಿ ಪಾಠ ಮುಗಿಸಿ, ಟೀಚರುಗಳಿಗೆ ಹಚ್ಚುವ ಪಟ್ಟಿ ತಿದ್ದುವ ಕೆಲಸಕ್ಕೆ ಅದನ್ನು ಹಿಡಿದು ಸವಣೂರಿನ ನಮ್ಮ ಹಳೆಯ ಓಣಿಗೆ ಹೊರಟಾಗ ಏನೇನು ಕೆಡಬಹುದೆಂದು ಎಣಿಸಿಕೊಂಡೆ: ನಾಯಿ ಅಟ್ಟಿಸಿಕೊಂಡು ಬರಬಹುದು, ಹಾಳೆ ಗಟಾರಕ್ಕೆ ಬೀಳಬಹುದು, ಸತ್ತವರನ್ನು ಉಳಿಸಿ ಬದುಕಿದ್ದವರನ್ನು ತೆಗೆದುಬಿಡಬಹುದು, ಮೇಲಿನಿಂದ ನೋಟಿಸು ಬರಬಹುದು. ಮನೆ ಬಿಡುವ ಮುಂಚೆ ಗ್ಯಾಸ್ ಬಂದ್ ಆಗಿದೆಯೇ ಎಂದು ಮೂರು ಸಲ ನೋಡುವವಳು ನಾನು.

ನಮ್ಮ ಮನೆ ಇದ್ದಲ್ಲಿ ಈಗ ತಗಡಿನ ಗೋದಾಮು. ಪಕ್ಕದ, ಎಲೆ ಮಾರುವ ಖೈರೂನ ಚಾಚಿಯ ಮನೆ ಮಾತ್ರ ಹಾಗೇ ಇದೆ. ಬಾಗಿಲಲ್ಲಿ ಒದ್ದೆ ಗೋಣಿಚೀಲದೊಳಗಿನ ವೀಳ್ಯದೆಲೆಯ ಅದೇ ಹಸಿರು ಘಾಟು. ಚಿಕ್ಕಂದಿನಲ್ಲಿ ಹೀಗೇ ಪಟ್ಟಿ ಹಿಡಿದು ಮಾಸ್ತರರು ಬಂದಾಗ ನನ್ನ ಆಯಿ, ಅಂದರೆ ಅಪ್ಪನ ಅವ್ವ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಡುವಿನ ಮಣ್ಣಿನ ಗೋಡೆಯ ಮೇಲೆ ಗದ್ದ ಇಟ್ಟು ಕೂಗುತ್ತಿದ್ದಳು: “ಏ ಖೈರೂನ, ನಮ್ಮವರ ಹೆಸರು ಹೇಳಬೇ.” ಎಲೆ ಜೋಡಿಸುತ್ತ ಕೂತಲ್ಲಿಂದಲೇ ಚಾಚಿ “ಚನ್ನಬಸಪ್ಪ” ಅನ್ನುತ್ತಿದ್ದಳು. ಮಾಸ್ತರರು ಆ ಮನೆಗೆ ಹೋದಾಗ ಸರದಿ ಆಯಿಯದು: “ಗಫೂರಸಾಬ. ಬರ್ಕೊಳ್ರಿ, ನಿಮ್ಮ ಪೆನ್ನಿಗೆ ನಾಚಿಕಿ ಇಲ್ಲಲ್ಲ.” ಇಬ್ಬರೂ ಸೆರಗು ಬಾಯಿಗೊತ್ತಿ ನಗುತ್ತಿದ್ದರು. ಇಬ್ಬರ ಗಂಡಂದಿರೂ ತೀರಿಕೊಂಡ ಮೇಲೂ ಈ ಏರ್ಪಾಡು ನಿಲ್ಲಲಿಲ್ಲ. ಆಯಿ ಹೋದ ಮೇಲೆ ನಿಂತಿತು.

ಈ ಸಲ ಚಾಚಿಯ ಹೆಸರಿನ ಮುಂದೆ ಯಾರೋ ‘ವಾಸವಿಲ್ಲ’ ಎಂದು ಗುರುತು ಹಾಕಿದ್ದರು. ಅಂದೇ ಕೊನೆಯ ದಿನ. ಫಾರ್ಮು ತುಂಬದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತಿತ್ತು.

“ಇಲ್ಲೇ ಕುಂತೇನಿ, ನಾ ಇಲ್ಲಂತ ಬರದಾರೇನು?” ಚಾಚಿ ಎಲೆಯೊಂದರ ತೊಟ್ಟು ಮುರಿದಳು. “ಒಂದ್ ಇಲೆಕ್ಷನ್ನೂ ತಪ್ಪಿಸಿಲ್ಲವ್ವಾ ನಾ.”

“ಅದಕ್ಕ ಬಂದೇನ್ರಿ ಚಾಚಿ. ನಿಮ್ಮ ಮನಿಯವರ ಹೆಸರು?” ನನಗೆ ಗೊತ್ತಿತ್ತು, ಆದರೂ ಕೇಳಬೇಕೆಂಬುದು ನಿಯಮ.

ಚಾಚಿ ಗೋದಾಮಿನ ಕಡೆ ಮುಖ ತಿರುಗಿಸಿ, ತಗಡಿನ ಆಚೆಯಿಂದ ಯಾರೋ ಹೇಳುತ್ತಾರೆಂಬಂತೆ ಕಾದಳು. ಯಾಕೆಂದು ತಿಳಿಯದೆ ನಾನೂ ಕಾದೆ. ಆಮೇಲೆ ಕೈ ತಾನಾಗಿ ಬರೆಯಿತು.

“ಓದು, ಕೇಳ್ತೇನಿ,” ಅಂದಳು.

ಓದಲು ಹೋಗಿ ನಿಂತುಬಿಟ್ಟೆ. ಪಟ್ಟಿಯವರು ಬಂದಾಗ ಅವಳ ದನಿಯಲ್ಲಿ ನಾನು ಕೇಳಿದ್ದ ಹೆಸರು ಒಂದೇ, ಅದನ್ನೇ ಬರೆದಿದ್ದೆ. ತಡವರಿಸುತ್ತ “ಚನ್ನಬಸಪ್ಪ” ಅಂದೆ.

ಚಾಚಿ ನಗಲಿಲ್ಲ. “ಅದು ನಾ ಹೇಳೂ ಹೆಸರವ್ವಾ. ನಮ್ಮವರ ಹೆಸರು ಹೇಳಾಕಿ ಹೋಗ್ಯಾಳಲ್ಲ.”

ಗಫೂರಸಾಬ ಎಂದು ಗಟ್ಟಿಯಾಗಿ ಹೇಳಿಕೊಂಡೇ ಬರೆದೆ. ಚಾಚಿ ಕಣ್ಣು ಮುಚ್ಚಿ “ಹೂಂ” ಅಂದಳು. ಅವಳ ಹೆಸರು ಪಟ್ಟಿಯಲ್ಲಿ ಉಳಿಯಿತು. ಆ ದಿನ ಕೆಟ್ಟದ್ದು ಫಾರ್ಮಿನ ಒಂದು ಸಾಲು ಮಾತ್ರ. ಅಜ್ಜನ ಹೆಸರಿನ ಮೇಲೆ ನಾನೇ ಅಡ್ಡಗೆರೆ ಎಳೆದು, ನಿಯಮದ ಪ್ರಕಾರ ಪಕ್ಕದಲ್ಲಿ ಸಹಿ ಹಾಕಿದೆ.