ತಮ್ಮ ಹತ್ತಿದ ಸ್ಪ್ರಿಂಗಿನ ಸೈಕಲ್

ಎಪ್ಪತ್ತರ ದಶಕದ ಕೊನೆಗೆ ನಾನು ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಸೊಸೆಯಾಗಿ ಬಂದೆ. ನನ್ನ ಗಂಡನದು ಸೈಕಲ್ ರಿಪೇರಿ ಅಂಗಡಿ. ಸುಗ್ಗಿ ಮುಗಿದ ಮೇಲೆ ಸುತ್ತಲಿನ ಊರುಗಳ ಹುಡುಗರು ಕಪ್ಪತಗುಡ್ಡದ ಬಂಡಿದಾರಿಯಲ್ಲಿ ಸೈಕಲ್ ಪಂದ್ಯ ಇಟ್ಟುಕೊಳ್ಳುತ್ತಿದ್ದರು. ಇವರೂ ಓಡಿಸುತ್ತಿದ್ದರು.

ನಾನು ಮೊದಲು ನೋಡಿದಾಗ ಎಲ್ಲರವೂ ಹಾಲು, ಮೇವು ಹೇರುವ ಸೈಕಲ್ಲುಗಳೇ. ಮಡ್ಗಾರ್ಡು, ಕ್ಯಾರಿಯರ್ ಬಿಚ್ಚಿ ಹಗುರ ಮಾಡಿಕೊಂಡಿದ್ದರು, ಅಷ್ಟೆ. ಮರುವರ್ಷ ಇವರು ಬಾಗಿದ ಹ್ಯಾಂಡಲ್ ತೆಗೆದು ನೇರ ಪೈಪು ಕೂರಿಸಿದರು. ಇಳಿಜಾರಿನಲ್ಲಿ ಹಿಡಿತ ಸಿಕ್ಕಿತು. ಆಮೇಲೆ ಏರು ಹತ್ತಲು ಹಿಂದಿನ ಗಾಲಿಗೆ ಹೆಚ್ಚು ಹಲ್ಲಿನ ಫ್ರೀವೀಲ್ ಹಾಕಿದರು. ಉಳಿದವರೂ ಹಾಗೆಯೇ ಮಾಡಿಸಿಕೊಂಡರು. ಆದರೆ ಕಲ್ಲಿನ ಹೊಡೆತಕ್ಕೆ ಯಾರಲ್ಲೂ ಮದ್ದಿರಲಿಲ್ಲ. ಪಂದ್ಯದ ದಿನ ಇವರ ಅಂಗೈ ಬಾತು ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ.

ಕೊನೆಗೆ ಗದಗಿನ ಗುಜರಿಯಲ್ಲಿ ಹಳೆಯ ಮೊಪೆಡ್ಡಿನ ಮುಂದಿನ ಗಾಲಿ ಹಿಡಿಯುವ ಫೋರ್ಕು ಸಿಕ್ಕಿತು, ಎರಡೂ ಕಡೆ ಸ್ಪ್ರಿಂಗಿನದು. ಅದನ್ನು ಸೈಕಲ್ಲಿಗೆ ಕೂರಿಸಿಕೊಟ್ಟ ಬೆಟಗೇರಿಯ ವೆಲ್ಡಿಂಗ್ ಚಾಚಾ, "ಫೋರ್ಕ್ ಭಾರ ಐತಿ. ಫ್ರೇಮ್ ತಡದೀತೇನು?" ಎಂದು ಕೇಳಿದ್ದರಂತೆ.

"ತಡೀತೈತ್ರಿ ಚಾಚಾ," ಎಂದಿದ್ದರು ಇವರು.

ಆ ವರ್ಷ ತಡೆಯಿತು. ಇವರೇ ಗೆದ್ದರು.

ನನ್ನ ತಮ್ಮ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ಚೀಲ ಹೊರುತ್ತಿದ್ದ. ಪಂದ್ಯ ನೋಡಿದವನೇ ನಮ್ಮ ಮನೆಗೆ ಬಂದು ಕೂತ. "ಮಾಮಾ, ನನಗೂ ಅಂಥಾದ್ದ ಒಂದು ಮಾಡಿಕೊಡ್ರಿ. ಇಲ್ಲಾಂದ್ರ ನಾ ಊಟಕ್ಕ ಏಳಂಗಿಲ್ಲ." ಇವರು ನಕ್ಕು ಒಪ್ಪಿದರು. ಹಳೆಯ ಫ್ರೇಮೊಂದನ್ನು ಉಜ್ಜಿ, ಕೆಂಪು ಬಣ್ಣ ಬಳಿದು, ಅಂಥದೇ ಫೋರ್ಕು ಹಾಕಿಸಿಕೊಟ್ಟರು.

ಮುಂದಿನ ಪಂದ್ಯದಲ್ಲಿ ಗುಡ್ಡ ಇಳಿಯುವಾಗ ಆ ಸೈಕಲ್ಲಿನ ಕುತ್ತಿಗೆಯೇ, ಹ್ಯಾಂಡಲ್ ಕೆಳಗೆ ಫ್ರೇಮ್ ಕೂಡುವ ಜಾಗ, ಮುರಿಯಿತು. ತಮ್ಮ ಕಲ್ಲಿನ ಮೇಲೆ ತಲೆಕೆಳಗಾಗಿ ಬಿದ್ದ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಗದಗಿಗೆ ಹೊರಟರು. ಗದಗು ಮುಟ್ಟುವ ಮೊದಲೇ ಅವನು ಹೋದ.

ತವರಿನಲ್ಲಿ ಹೆಣದ ಮುಂದೆ ಕೂತಿದ್ದ ನನ್ನ ಅವ್ವ ಇವರನ್ನು ಕಂಡು ಅಳು ನಿಲ್ಲಿಸಿದಳು. "ಈ ಮನಿ ಹೊಸ್ತಿಲಾ ಇನ್ನ ತುಳೀಬ್ಯಾಡ್ರಿ," ಎಂದಳು. ಇವರು ಕೈಮುಗಿದು ಹೊರಗೆ ಹೋದರು.

ಮುರಿದ ಸೈಕಲ್ಲನ್ನು ಇವರು ನಮ್ಮ ಹಿತ್ತಲಿಗೆ ತಂದಿಟ್ಟುಕೊಂಡು ದಿನವೂ ಅದರ ಮುಂದೆ ಕೂರುತ್ತಿದ್ದರು. ಒಮ್ಮೆ ನನ್ನನ್ನು ಕರೆದು ಕುತ್ತಿಗೆ ಮುರಿದ ಜಾಗ ತೋರಿಸಿದರು.

"ಸ್ಪ್ರಿಂಗ್ ಹಾಕಿದ ಮ್ಯಾಲೆ ಮುಂದ ಎತ್ತರ ಆತು. ಹೊಡೆತ ಎಲ್ಲಾ ಇಲ್ಲೇ ಬಿತ್ತು. ಕೆಳಗ ಒಂದು ಪಟ್ಟಿ ಬೆಸೀಬೇಕಿತ್ತು."

"ನನ್ನ ಮುಂದ ಹೇಳಬ್ಯಾಡ್ರಿ," ಎಂದೆ. ಇವರ ಮೇಲೆ ಸಿಟ್ಟೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ಊಟಕ್ಕೆ ಬಡಿಸುತ್ತಿದ್ದೆ, ಪಕ್ಕದಲ್ಲಿ ಕೂರಲು ಮಾತ್ರ ಬಹಳ ದಿನ ಆಗಲಿಲ್ಲ.

ಪಂದ್ಯ ಒಂದು ವರ್ಷ ನಿಂತು ಮತ್ತೆ ಶುರುವಾಯಿತು. ಮುಂಡರಗಿಯ ಹುಡುಗರೂ ಸ್ಪ್ರಿಂಗು ಹಾಕಿಸಿಕೊಂಡು ಬಂದರು. ಇವರು ಮತ್ತೆ ಸೈಕಲ್ ಹತ್ತಲಿಲ್ಲ, ಯಾರಿಗೂ ಫೋರ್ಕು ಕೂರಿಸಲಿಲ್ಲ. ಆದರೆ ಅಂಥ ಸೈಕಲ್ ಕಣ್ಣಿಗೆ ಬಿದ್ದರೆ ಅದರ ಹುಡುಗನನ್ನು ಬೆಟಗೇರಿಗೆ ಕರೆದೊಯ್ದು, ಚಾಚಾನ ಕೈಯಲ್ಲಿ ಕುತ್ತಿಗೆಗೆ ಕಬ್ಬಿಣದ ಪಟ್ಟಿ ಬೆಸೆಸಿಯೇ ಬಿಡುತ್ತಿದ್ದರು. ಅಂಥ ಸೈಕಲ್ ಮುರಿದದ್ದನ್ನು ನಾನು ಮತ್ತೆ ಕೇಳಲಿಲ್ಲ.

ಹಬ್ಬಕ್ಕೆ ತವರಿಗೆ ನಾನೊಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಂಬತ್ತರ ದಶಕದ ನಡುವಿನಲ್ಲಿ ಅವ್ವ ತೀರಿಕೊಂಡಳು. ಇವರು ಜೊತೆಗೆ ಬಂದವರು ಬೀದಿಯಲ್ಲೇ ನಿಂತರು. ಹಿರಿಯರೊಬ್ಬರು ಕೈ ಹಿಡಿದು, "ಆಕೀನ ಹೋದ್ಲು. ಇನ್ನರ ಒಳಗ ಬರ್ರಿ," ಎಂದರು.

"ಬ್ಯಾಡ್ರಿ," ಎಂದರು ಇವರು.