ಪಿಲ್ಲಿಗೆ ಇಟ್ಟ ಉಂಡೆ

ಹುಲ್ಲಿನ ಮೆದೆಯೊಳಗಿಂದ ಮರಿಗಳ ಕೂಗು ಬರುತ್ತಿತ್ತು. ದಾರ ಎಳೆದಂಥ ಸಣ್ಣ ಕೂಗು. ಕೊಟ್ಟಿಗೆ ಗುಡಿಸುತ್ತಿದ್ದ ಗಂಗರತ್ನಮ್ಮ ಪೊರಕೆ ನಿಲ್ಲಿಸಿ ಕೇಳಿಸಿಕೊಂಡಳು. ಬಿಸಿಲು ನೆತ್ತಿಗೆ ಬಂದಿತ್ತು. ಈ ಹೊತ್ತಿಗೆ ಮರಿಗಳು ಹಾಲು ಕುಡಿದು ಮಲಗಿರಬೇಕು. ಕೂಗುತ್ತಿವೆ ಅಂದರೆ ತಾಯಿ ಬಂದಿಲ್ಲ.

ಉದ್ದನಪಲ್ಲಿಯಿಂದ ಗಡಿಯೂರು ತಳಿಯ ಪಕ್ಕದ ಈ ತೋಟಕ್ಕೆ ಅವಳು ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಅಂದಿನಿಂದ ಕೊಟ್ಟಿಗೆಯ ಬೆಕ್ಕುಗಳು ಅವಳ ಪಾಲಿನವು. ಮನೆಯೊಳಗೆ ಬರುವ ಬೆಕ್ಕುಗಳಲ್ಲ, ಮೈ ಮುಟ್ಟಗೊಡುವವೂ ಅಲ್ಲ. ಅವಕ್ಕೆ ಹೆಸರಿಲ್ಲ, ಮಲಗುವ ಜಾಗವೇ ಗುರುತು: ಪಂಪುಮನೆಯವನು, ಮೆದೆಯವಳು. ಬೆಳಿಗ್ಗೆ ಹಾಲು ಕರೆದ ಮೇಲೆ ಮುದ್ದೆಯ ಚೂರನ್ನು ಹಾಲಿನಲ್ಲಿ ಕಿವುಚಿ ಕೂಲಿಯವಳ ಕೈಲಿ ತೆಂಗಿನ ಚಿಪ್ಪಿಗೆ ಹಾಕಿಸುವಳು. ಹೊಟ್ಟೆ ತುಂಬ ಹಾಕುವಂತಿಲ್ಲ, ಇಲಿ ಹಿಡಿಯುವುದನ್ನು ಬಿಟ್ಟುಬಿಡುತ್ತವೆ.

ಮೆದೆಯವಳು ಮರಿ ಹಾಕಿದ ಮೇಲೆ ಇಲಿಗಳಿಗೆ ಧೈರ್ಯ ಬಂದಿತ್ತು. ರಾಗಿ ಚೀಲ ತೂತಾದವು, ದಪ್ಪಮೆಣಸಿನಕಾಯಿ ಸಾಲಿನ ಡ್ರಿಪ್ ಪೈಪುಗಳೂ ಕಡಿದುಹೋದವು. ಗಂಡ ಮುತ್ತರಾಯಪ್ಪ ಇಲಿಪಾಷಾಣ ತಂದ. ಮನಸ್ಸಿಲ್ಲದೆಯೇ ಅವಳು ಒಣಮೀನು ಕುಟ್ಟಿ, ಆ ಕರಿ ಪುಡಿ ಬೆರೆಸಿ ಮೂರು ಉಂಡೆ ಕಟ್ಟಿದಳು. ಇಂದು ಬೆಳಿಗ್ಗೆ ಅವನ್ನು ಕೂಲಿಗೆ ಬರುವ ಅಂಜಮ್ಮನ ಕೈಗೆ ಕೊಟ್ಟು, ಇಲಿಗೆ ಇಕ್ಕು ಎಂದಿದ್ದಳು. ಬಾಗಿಲು ಭದ್ರವಾಗಿರುವ ರಾಗಿ ಕೋಣೆಯೊಳಗೆ ಅಂತ ಬಿಡಿಸಿ ಹೇಳಬೇಕೆನಿಸಿರಲಿಲ್ಲ. ಇಲಿ ಇರುವುದು ಇನ್ನೆಲ್ಲಿ? ಆಗ ಹಿಂಬದಿಯಲ್ಲಿ ಪಂಪಿನ ಮೋಟರು ಓಡುತ್ತಿತ್ತು.

ಈಗ ಮೆದೆಯ ಬುಡಕ್ಕೆ ಬಂದು ಬೆಕ್ಕಿನ ಚಿಪ್ಪು ನೋಡಿದಳು. ಅದರಲ್ಲಿ ಕರಿ ಉಂಡೆಗಳಿದ್ದವು, ಎರಡೇ.

ಅಂಜಮ್ಮನನ್ನು ಕೈ ಬೀಸಿ ಕರೆದು ಚಿಪ್ಪು ತೋರಿಸಿದಳು.

"ನೀವೇ ಅಲ್ವಾಕ್ಕಾ ಹೇಳಿದ್ದು, ಪಿಲ್ಲಿಗೆ ಇಕ್ಕು ಅಂತ?" ಎಂದಳು ಅಂಜಮ್ಮ. "ದಿನಾ ಹೇಳ್ದಂಗೇ ಹೇಳಿದ್ರಿ."

ದಿನವೂ ಹೇಳುತ್ತಿದ್ದುದು ನಿಜ. ಅಂಜಮ್ಮನ ಮನೆಮಾತು ತೆಲುಗು. ಬೆಕ್ಕಿಗೆ ಇಕ್ಕು ಅನ್ನುವ ಬದಲು ಪಿಲ್ಲಿಗೆ ಇಕ್ಕು ಅಂತ ಅವಳ ಮಾತಿನಲ್ಲೇ ಹೇಳುವುದು ಗಂಗರತ್ನಮ್ಮ ತೋರಿಸಿದ ಅಕ್ಕರೆ. ಇಲಿಗೂ ಪಿಲ್ಲಿಗೂ ಕಿವಿಗೆ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಅದನ್ನು ಮೋಟರಿನ ಸದ್ದು ನುಂಗಿತ್ತು.

ಉಂಡೆಗಳನ್ನು ಚಿಪ್ಪಿನ ಸಮೇತ ಹೂತು, ಇಬ್ಬರೂ ಹುಡುಕಿದರು. ಗೊಬ್ಬರದ ಗುಂಡಿ, ಪಂಪುಮನೆ, ಟೊಮೇಟೊ ಕ್ರೇಟುಗಳ ಸಂದು. ಪ್ರತಿ ಸಲ ಬಗ್ಗುವಾಗಲೂ ಗಂಗರತ್ನಮ್ಮ ಮೊದಲು ಕಣ್ಣು ಮುಚ್ಚಿ ಆಮೇಲೆ ತೆರೆಯುತ್ತಿದ್ದಳು. ಬೆಕ್ಕು ಸತ್ತಿದ್ದರೆ ಎಂಬುದಕ್ಕಿಂತ, ಉಂಡೆ ತಿಂದು ಬದುಕಿಯೇ ಬಂದು ಮರಿಗಳಿಗೆ ಮೊಲೆ ಕೊಟ್ಟರೆ ಎಂಬ ಯೋಚನೆ ಹೆಚ್ಚು ಹೆದರಿಸಿತು. ಮೆದೆಯೊಳಗೆ ಮರಿಗಳ ಕೂಗು ನಿಂತಿರಲಿಲ್ಲ. ಅದು ನಿಲ್ಲದಿರಲಿ ಎಂದು ಬೇಡಿಕೊಂಡಳು.

ವಿಷಯ ತಿಳಿದು ಬಂದ ಮುತ್ತರಾಯಪ್ಪ ಬದುವಿನ ಮೇಲೆ ನಿಂತು, "ಮೂರು ಭಾಷೆ ಬತ್ತದೆ ಅಂತ ಮೆರೀತಿದ್ದೆಯಲ್ಲ" ಎಂದ. ಅವಳ ಮುಖ ನೋಡಿ, ಸಲಿಕೆ ಹಿಡಿದು ತಾನೂ ಹುಡುಕಲು ಇಳಿದ.

ಆಗ ಮೆಣಸಿನಕಾಯಿ ಸಾಲಿನಿಂದ ಮೆದೆಯವಳು ಹೊರಗೆ ಬಂದಳು. ನೆಟ್ಟಗೆ ನಡೆಯುತ್ತಿದ್ದಳು. ಬಾಯಲ್ಲಿ ಒಂದು ಇಲಿ. ಅದು ಒದ್ದಾಡುತ್ತಿರಲಿಲ್ಲ, ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಓಡಿದರೆ ಬೆಕ್ಕು ಇಲಿಯನ್ನು ಹೊತ್ತುಕೊಂಡೇ ಮೆದೆಯೊಳಗೆ ನುಗ್ಗುತ್ತದೆ. ಗಂಗರತ್ನಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಅಂಜಮ್ಮ ಒಳಗಿನಿಂದ ತಂದುಕೊಟ್ಟ ಒಣಮೀನಿನ ತಲೆಗಳನ್ನು ಒಂದೊಂದಾಗಿ ಎಸೆದಳು. ಮೊದಲನೆಯದು ಕಾಲ ಬಳಿಯೇ ಬಿತ್ತು. ಮೂರನೆಯದಕ್ಕೆ ಬೆಕ್ಕು ಇಲಿಯನ್ನು ಬಿಟ್ಟು ಮೂಸಿತು. ಮುತ್ತರಾಯಪ್ಪ ಸಲಿಕೆಯಲ್ಲಿ ಇಲಿಯನ್ನು ಎತ್ತಿಕೊಂಡ.

ಇಲಿಯ ಮೂತಿಯ ಸುತ್ತ ಕರಿ ಪುಡಿ ಮೆತ್ತಿತ್ತು. ಮೈಮೇಲೆ ಹಲ್ಲಿನ ಗುರುತಿರಲಿಲ್ಲ.

"ಉಂಡೆ ಇದೇ ತಿಂದದೆ ಕಣೇ" ಎಂದ ಅವನು. "ಬೆಕ್ಕು ಬರೀ ಕಚ್ಕೊಂಡು ಬಂದದೆ."

ಬರೀ ಕಚ್ಚಿಕೊಂಡು ಬಂದದ್ದೇ? ಬಾಯಿಗೆ ಏನೂ ಹತ್ತಿಲ್ಲವೇ? ಮೆದೆಯವಳು ಮೀನು ಮುಗಿಸಿ, ಬಾಯಿ ನೆಕ್ಕಿಕೊಳ್ಳುತ್ತ ಹುಲ್ಲಿನೊಳಗೆ ಹೋದಳು. ಅವಳನ್ನು ತಡೆಯುವ ಬಗೆ ಯಾರಿಗೂ ಗೊತ್ತಿರಲಿಲ್ಲ.

ಅಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮುತ್ತರಾಯಪ್ಪ ಅವಳಿಗೆ ಏನೋ ಹೇಳಹೊರಟಾಗ ಗಂಗರತ್ನಮ್ಮ ನಡುವೆ ಬಂದಳು.

"ಅವಳನ್ನ ಬೈಬ್ಯಾಡಿ. ಆ ಮಾತು ಅಭ್ಯಾಸ ಮಾಡ್ಸಿದ್ದು ನಾನೇ. ಇನ್ಮೇಲೆ ಬೆಕ್ಕಿಗೆ ಏನಿಕ್ಕಿದ್ರೂ ನಾನೇ ನನ್ನ ಕೈಯಾರೆ..."

ಮೆದೆಯೊಳಗೆ ಮರಿಗಳ ಕೂಗು ಥಟ್ಟನೆ ನಿಂತಿತು. ಮೊಲೆ ಸಿಕ್ಕಿರಬೇಕು. ಅವಳು ಮಾತನ್ನು ಅಲ್ಲೇ ಬಿಟ್ಟು ಅತ್ತ ನಡೆದುಬಿಟ್ಟಳು.